ಸಹೋದರಿಯು ಬಹುಕಾಲ ಮರೆಮಾಚಿದ ನೋವನ್ನು ತಿಳಿಸಿದಾಗ: ಕೇಳಿಸಿಕೊಂಡವರಿಗೆ ಮಾಹಿತಿ ಹಾಗೂ ಲಭ್ಯವಿರುವ ಸೇವೆಗಳು

(ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ತಾಲ್ಲೂಕುಗಳ ಸಾರ್ವಜನಿಕರಿಗಾಗಿ)

ಬಾಲ್ಯದಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರಲ್ಲಿ ಅನೇಕರು ಆ ವಿಷಯವನ್ನು ಮೊದಲು ತಿಳಿಸುವುದು ಪೊಲೀಸರಿಗಾಗಲಿ ವೈದ್ಯರಿಗಾಗಲಿ ಅಲ್ಲ. ತಾವು ನಂಬಿದ ಒಬ್ಬರಿಗೆ. ಆ ಒಬ್ಬರು ಹಲವು ವೇಳೆ ಅಕ್ಕ ಅಥವಾ ತಂಗಿಯೇ ಆಗಿರುತ್ತಾರೆ. ಸಂತ್ರಸ್ತರಿಗೆ ಇರುವ ಸೌಲಭ್ಯಗಳ ಬಗ್ಗೆ ಬಹಳಷ್ಟು ಪ್ರಕಟಣೆಗಳಿವೆ. ಕೇಳಿಸಿಕೊಂಡವರು ಏನು ಮಾಡತಕ್ಕದ್ದು ಎಂಬ ಬಗ್ಗೆ ಇರುವುದು ಕಡಿಮೆ. ಆದ್ದರಿಂದ ಈ ಪುಟವನ್ನು ಮುಖ್ಯವಾಗಿ ಅವರನ್ನು ಉದ್ದೇಶಿಸಿ ಸಿದ್ಧಪಡಿಸಲಾಗಿದೆ.

ಮಾತು ಹೊರಬರುವ ಸಂದರ್ಭ

ಇಂತಹ ವಿಷಯವು ಮುನ್ಸೂಚನೆ ನೀಡಿ ಬರುವುದಿಲ್ಲ. ತಿಳುವಳಿಕೆಗಾಗಿ ಒಂದು ಸಂದರ್ಭವನ್ನು ಊಹಿಸಿಕೊಳ್ಳಬಹುದು. ಬಿ.ಸಿ.ರೋಡ್ ಸಮೀಪದ ಮನೆಯೊಂದರಲ್ಲಿ ಅಕ್ಕ ತಂಗಿ ಮಧ್ಯಾಹ್ನ ತಡ್ಪೆ ಮುಂದಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದಾರೆ. ಮದುವೆಯ ಕಾಗದವೊಂದು ಬಂದಿರುತ್ತದೆ. ಬಂಧುವೊಬ್ಬರು ಎರಡು ದಿನ ಮೊದಲೇ ಬಂದು ಇವರ ಮನೆಯಲ್ಲಿಯೇ ತಂಗಲಿದ್ದಾರೆಂದು ಅಕ್ಕ ಹೇಳುತ್ತಾರೆ. ತಂಗಿಯ ಕೈ ನಿಲ್ಲುತ್ತದೆ. “ಅವರು ಬರುವುದಾದರೆ ನಾನು ಇಲ್ಲಿ ಇರುವುದಿಲ್ಲ ಅಕ್ಕ, ಮಗುವನ್ನೂ ಇಲ್ಲಿ ಬಿಡಬೇಡ” ಎನ್ನುತ್ತಾರೆ. ಹದಿನೈದು ವರ್ಷ ಹೇಳದೆ ಇದ್ದ ವಿಷಯವು ಈ ಒಂದು ವಾಕ್ಯದಿಂದ ಹೊರಬರುತ್ತದೆ.

ಇಷ್ಟು ವರ್ಷ ಏಕೆ ಹೇಳಲಿಲ್ಲ ಎಂದು ಕೇಳುವವರಿಗೆ ಸಹಜವಾಗಿಯೇ ಅನಿಸುತ್ತದೆ. ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 13 ರಾಜ್ಯಗಳ 12,447 ಮಕ್ಕಳನ್ನು ವಿಚಾರಿಸಲಾಗಿದ್ದು (ಕರ್ನಾಟಕ ಅದರಲ್ಲಿ ಸೇರಿರಲಿಲ್ಲ), ಶೇ. 53.22ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯವನ್ನು ಎದುರಿಸಿದುದಾಗಿ ತಿಳಿಸಿದ್ದರು. ತಪ್ಪಿತಸ್ಥರಲ್ಲಿ ಅರ್ಧದಷ್ಟು ಜನ ಮಗುವಿಗೆ ಪರಿಚಿತರು ಅಥವಾ ಮಗು ನಂಬಿದ್ದವರು. ಹೆಚ್ಚಿನ ಮಕ್ಕಳು ಯಾರಿಗೂ ಹೇಳಿರಲಿಲ್ಲ. ಮೌನವು ವಿಷಯ ಸುಳ್ಳೆಂಬುದಕ್ಕೆ ಆಧಾರವಾಗುವುದಿಲ್ಲ.

ಕೆಲವರಲ್ಲಿ ಮೌನದ ಅವಧಿಯಲ್ಲಿ ನಿದ್ರಾಹೀನತೆ, ಎದೆಬಡಿತ, ತಲೆನೋವು, ಕಾರಣ ಕಾಣದ ಹೊಟ್ಟೆನೋವು ಮುಂತಾದುವು ಕಂಡುಬರುತ್ತವೆ. ವರ್ಷಗಟ್ಟಲೆ ಔಷಧ ಪಡೆದರೂ ಮೂಲ ತಿಳಿಯದೆ ಇರುವುದುಂಟು.

ಕೇಳಿಸಿಕೊಂಡವರು ಮಾಡತಕ್ಕದ್ದು

ವಿಶ್ವ ಆರೋಗ್ಯ ಸಂಸ್ಥೆಯು 2014ರಲ್ಲಿ ಆರೋಗ್ಯ ಸಿಬ್ಬಂದಿಗಾಗಿ ಹೊರತಂದ ಕೈಪಿಡಿಯು ಪ್ರಥಮ ನೆರವಿನ ಕ್ರಮವನ್ನು ಹೀಗೆ ವಿವರಿಸುತ್ತದೆ: ತಡೆಯದೆ ಆಲಿಸುವುದು, ಅಗತ್ಯವೇನೆಂದು ಕೇಳುವುದು, ನಂಬಿರುವುದಾಗಿ ತಿಳಿಸುವುದು, ಸುರಕ್ಷತೆಯನ್ನು ಹೆಚ್ಚಿಸುವುದು, ನೆರವಿನೊಂದಿಗೆ ಸಂಪರ್ಕ ಕಲ್ಪಿಸುವುದು. ಇದನ್ನು ಮನೆಯವರೂ ಅನುಸರಿಸಬಹುದು. “ನೀನು ಹೇಳಿದ್ದು ಒಳ್ಳೆಯದಾಯಿತು, ಇದರಲ್ಲಿ ನಿನ್ನ ತಪ್ಪಿಲ್ಲ” ಎಂಬಷ್ಟು ಮಾತು ಆ ಹೊತ್ತಿಗೆ ಸಾಕು. ದಿನಾಂಕ, ಸ್ಥಳ, ವಿವರಗಳನ್ನು ಕೆದಕುವುದು ಸಲ್ಲದು. ಆ ಕೆಲಸಕ್ಕೆ ತರಬೇತಿ ಪಡೆದವರಿದ್ದಾರೆ. ಅವರ ಒಪ್ಪಿಗೆಯಿಲ್ಲದೆ ತಾಯಿಗಾಗಲಿ, ಪತಿಗಾಗಲಿ ವಿಷಯ ತಿಳಿಸತಕ್ಕದ್ದಲ್ಲ. ಸಿಟ್ಟಿನಿಂದ ಆ ಬಂಧುವಿಗೆ ಕೂಡಲೇ ದೂರವಾಣಿ ಕರೆ ಮಾಡುವುದು ಹೆಚ್ಚು ಹಾನಿ ಮಾಡುತ್ತದೆ. ಕರೆ ಮಾಡಿದವರ ಸಿಟ್ಟು ಇಳಿಯಬಹುದು, ಆದರೆ ಮುಂದಿನ ಒತ್ತಡವೆಲ್ಲ ಹೇಳಿದವರ ಮೇಲೆಯೇ ಬೀಳುತ್ತದೆ.

ಮನೆಯಲ್ಲಿ ಈಗ ಮಕ್ಕಳಿದ್ದಲ್ಲಿ

ಮೇಲಿನ ಉದಾಹರಣೆಯಲ್ಲಿ ತಂಗಿಯು ಮಗುವನ್ನು ಬಿಡಬೇಡ ಎಂದಿರುವುದನ್ನು ಗಮನಿಸಬೇಕು. ಅವರು ಹೇಳಿದ್ದು ಹಳೆಯ ಸಂಗತಿ ಮಾತ್ರವಲ್ಲ. 2012ರ ನವೆಂಬರ್ 14ರಿಂದ ಜಾರಿಯಲ್ಲಿರುವ ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣಾ ಅಧಿನಿಯಮದ (ಪೋಕ್ಸೋ) 19ನೇ ಪ್ರಕರಣದ ಮೇರೆಗೆ, 18 ವರ್ಷದೊಳಗಿನ ಮಗುವಿನ ಮೇಲೆ ಅಪರಾಧ ನಡೆದಿರುವುದು ತಿಳಿದಿದ್ದರೆ ಮಾತ್ರವಲ್ಲ, ನಡೆಯುವ ಸಂಭವವಿದೆಯೆಂಬ ಆತಂಕವಿದ್ದರೂ ಪೊಲೀಸರಿಗೆ ಮಾಹಿತಿ ನೀಡತಕ್ಕದ್ದು. ಅಪರಾಧ ನಡೆದಿರುವುದನ್ನು ವರದಿ ಮಾಡದಿದ್ದಲ್ಲಿ 21ನೇ ಪ್ರಕರಣದನ್ವಯ ಆರು ತಿಂಗಳವರೆಗೆ ಕಾರಾವಾಸ, ದಂಡ ಅಥವಾ ಎರಡನ್ನೂ ವಿಧಿಸಬಹುದು. ಸದ್ಭಾವನೆಯಿಂದ ಮಾಹಿತಿ ನೀಡಿದವರು ಯಾವುದೇ ಹೊಣೆಗಾರಿಕೆಗೆ ಒಳಪಡುವುದಿಲ್ಲ. ಕೇಳಿಸಿಕೊಂಡ ಸಹೋದರಿಯೇ 18 ವರ್ಷದೊಳಗಿನವರಾಗಿದ್ದರೆ ಅವರಿಗೆ ಈ ಶಿಕ್ಷೆ ಅನ್ವಯವಾಗುವುದಿಲ್ಲ. ಅಂತಹವರು 1098ಕ್ಕೆ ಕರೆ ಮಾಡಬಹುದು.

ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿ ಅಥವಾ ಅದು ಬಯಸಿದ ಸ್ಥಳದಲ್ಲಿ, ಸಾಧ್ಯವಾದ ಮಟ್ಟಿಗೆ ಮಹಿಳಾ ಅಧಿಕಾರಿಯೇ, ಸಮವಸ್ತ್ರವಿಲ್ಲದೆ ದಾಖಲಿಸಿಕೊಳ್ಳತಕ್ಕದ್ದು. ಮಗು ತುಳು ಅಥವಾ ಬ್ಯಾರಿ ಭಾಷೆಯಲ್ಲಿ ಮಾತ್ರ ಸರಾಗವಾಗಿ ಹೇಳಬಲ್ಲುದಾದರೆ ಭಾಷಾಂತರಕಾರರನ್ನು ಕೇಳಿ ಪಡೆಯುವ ಹಕ್ಕಿದೆ. ಈ ಭಾಗದಲ್ಲಿ ಇದು ಸಣ್ಣ ವಿಷಯವಲ್ಲ.

ಹೇಳಿದವರು ಈಗ ವಯಸ್ಕರಾಗಿದ್ದು, ಬೇರೆ ಮಗುವಿಗೆ ಅಪಾಯ ಕಾಣದಿದ್ದಲ್ಲಿ, ದೂರು ನೀಡುವ ವಿಷಯದಲ್ಲಿ ಅವರ ಇಚ್ಛೆಯನ್ನು ಮುಂದಿಟ್ಟುಕೊಂಡು, ಮೊದಲು ಉಚಿತ ಕಾನೂನು ಸಲಹೆ ಪಡೆಯುವುದು ಸೂಕ್ತ.

ವರ್ಷಗಳ ನಂತರ ದೂರು

ಕೃತ್ಯ ನಡೆದ ದಿನದಂದು ಜಾರಿಯಲ್ಲಿದ್ದ ಕಾನೂನು ಅನ್ವಯವಾಗುತ್ತದೆ. 2012ರ ನವೆಂಬರ್ 14ಕ್ಕಿಂತ ಹಿಂದಿನ ಕೃತ್ಯಗಳಿಗೆ ಭಾರತೀಯ ದಂಡ ಸಂಹಿತೆ ಅನ್ವಯಿಸುತ್ತದೆ. ಮೂರು ವರ್ಷಕ್ಕಿಂತ ಹೆಚ್ಚು ಶಿಕ್ಷೆ ವಿಧಿಸಬಹುದಾದ ಅಪರಾಧಗಳಿಗೆ ಕಾಲಮಿತಿ ಇರುವುದಿಲ್ಲ. ಅತ್ಯಾಚಾರ ಹಾಗೂ ಪೋಕ್ಸೋ ಅಡಿಯ ಗಂಭೀರ ಅಪರಾಧಗಳು ಇದರಲ್ಲಿ ಬರುತ್ತವೆ. ಆದರೆ 2013ರ ತಿದ್ದುಪಡಿಗೆ ಮೊದಲು 354ನೇ ಪ್ರಕರಣದ ಮಾನಭಂಗ ಯತ್ನಕ್ಕೆ ಗರಿಷ್ಠ ಶಿಕ್ಷೆ ಎರಡು ವರ್ಷವಾಗಿತ್ತು. ಅಂತಹ ಹಳೆಯ ಪ್ರಕರಣಗಳಿಗೆ ಮೂರು ವರ್ಷದ ಕಾಲಮಿತಿ ಇದ್ದು, ವಿಳಂಬವನ್ನು ಮನ್ನಿಸುವುದು ನ್ಯಾಯಾಲಯದ ವಿವೇಚನೆಗೆ ಬಿಟ್ಟದ್ದು. ಇದನ್ನು ಮೊದಲೇ ತಿಳಿದಿರುವುದು ಒಳಿತು. ಭರವಸೆ ನೀಡಿ ನಂತರ ನಿರಾಶೆಗೊಳಿಸುವುದು ಸರಿಯಲ್ಲ.

ತಡವಾಯಿತು, ಸಾಕ್ಷಿ ಇಲ್ಲ ಎಂಬ ಕಾರಣಕ್ಕೆ ಹಿಂಜರಿಯಬೇಕಾಗಿಲ್ಲ. ಪಂಜಾಬ್ ರಾಜ್ಯ ವಿರುದ್ಧ ಗುರ್ಮಿತ್ ಸಿಂಗ್ ಪ್ರಕರಣದಲ್ಲಿ (1996) ಸರ್ವೋಚ್ಚ ನ್ಯಾಯಾಲಯವು, ಸಂತ್ರಸ್ತೆಯ ಹೇಳಿಕೆ ವಿಶ್ವಾಸಾರ್ಹವಾಗಿದ್ದಲ್ಲಿ ಅದೊಂದೇ ಸಾಕಾಗಬಹುದೆಂದೂ, ಕುಟುಂಬದ ಮರ್ಯಾದೆಯ ಅಂಜಿಕೆಯಿಂದ ದೂರು ತಡವಾಗುವುದು ಸಹಜವೆಂದೂ ಹೇಳಿದೆ.

ದೂರನ್ನು ಯಾವುದೇ ಠಾಣೆಯಲ್ಲಿ ನೀಡಬಹುದು. ಬಂಟ್ವಾಳ ಮತ್ತು ಬೆಳ್ತಂಗಡಿ ಠಾಣೆಗಳು ಜಿಲ್ಲಾ ಪೊಲೀಸ್ ಅಧೀಕ್ಷಕರ ವ್ಯಾಪ್ತಿಯಲ್ಲಿಯೂ, ಮೂಡುಬಿದಿರೆ ಠಾಣೆ ಮಂಗಳೂರು ನಗರ ಪೊಲೀಸ್ ಆಯುಕ್ತರ ವ್ಯಾಪ್ತಿಯಲ್ಲಿಯೂ ಇವೆ. ಕೃತ್ಯ ಒಂದೆಡೆ ನಡೆದು ವಾಸ ಇನ್ನೊಂದೆಡೆ ಇದ್ದರೂ ಅರ್ಜಿದಾರರು ಅಲೆಯಬೇಕಾಗಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಪ್ರಕರಣವು ಇದಕ್ಕೆ ಅವಕಾಶ ಕಲ್ಪಿಸಿದೆ. ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ಉಚಿತವಾಗಿ ನೀಡತಕ್ಕದ್ದು. ಸಂತ್ರಸ್ತೆಯ ಹೆಸರು, ಗುರುತನ್ನು ಬಹಿರಂಗಪಡಿಸುವುದು ಶಿಕ್ಷಾರ್ಹ ಅಪರಾಧ.

ಮಾನಸಿಕ ಆರೋಗ್ಯ ಸೇವೆ

ದೂರು ನೀಡಿದರೆ ಮಾತ್ರ ಚಿಕಿತ್ಸೆ ಎಂಬ ನಿಯಮವಿಲ್ಲ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮನಸ್ ಸೇವೆಯ 14416 ಸಂಖ್ಯೆಗೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಇದರ ಉನ್ನತ ಕೇಂದ್ರವಾಗಿದೆ. ಬಿ.ಸಿ.ರೋಡಿನಂತಹ ಊರಿನಲ್ಲಿ ಬಸ್ ಇಳಿದ ಕೂಡಲೇ ಪರಿಚಯದವರು ಎದುರಾಗುತ್ತಾರೆ, ಆಸ್ಪತ್ರೆಗೆ ಏಕೆ ಬಂದಿರಿ ಎಂದು ಕೇಳುತ್ತಾರೆ. ಆದ ಕಾರಣ ಮೊದಲ ಮಾತು ದೂರವಾಣಿಯಲ್ಲಿ ಆಗುವುದು ಹಲವರಿಗೆ ಅನುಕೂಲ. ಕರೆಯನ್ನು ಸಹೋದರಿಯೂ ಮಾಡಿ ಸಲಹೆ ಪಡೆಯಬಹುದು. ಕೇಳಿಸಿಕೊಂಡವರಿಗೂ ನಿದ್ರೆ ಬಾರದಿರುವುದುಂಟು.

ಮನೋಚೈತನ್ಯ ಕಾರ್ಯಕ್ರಮದನ್ವಯ ತಾಲ್ಲೂಕು ಆಸ್ಪತ್ರೆಗಳಲ್ಲಿ ನಿಗದಿತ ಮಂಗಳವಾರಗಳಂದು ಮನೋವೈದ್ಯರ ಭೇಟಿ ಇರುತ್ತದೆ. ದಿನವನ್ನು ಆಸ್ಪತ್ರೆಯಲ್ಲಿ ವಿಚಾರಿಸಿಕೊಂಡು ಹೋಗುವುದು ಒಳ್ಳೆಯದು. ಹೆಚ್ಚಿನ ಚಿಕಿತ್ಸೆ ಮಂಗಳೂರಿನ ವೆನ್ಲಾಕ್ ಜಿಲ್ಲಾ ಆಸ್ಪತ್ರೆಯಲ್ಲಿ ಲಭ್ಯ. ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ, 2017ರ 23ನೇ ಪ್ರಕರಣದ ಮೇರೆಗೆ ಮಾಹಿತಿಯನ್ನು ಗೌಪ್ಯವಾಗಿಡತಕ್ಕದ್ದು. ಪ್ರಾಣಕ್ಕೆ ಅಪಾಯ ಮಾಡಿಕೊಳ್ಳುವ ಮಾತು ಬಂದಲ್ಲಿ ಅವರನ್ನು ಒಂಟಿಯಾಗಿ ಬಿಡದೆ ಕೂಡಲೇ 112ಕ್ಕೆ ಕರೆ ಮಾಡಬೇಕು.

ಕಾನೂನು ನೆರವು, ಪರಿಹಾರ ಮತ್ತು ಶುಲ್ಕ

ಮಹಿಳೆಯರು ಹಾಗೂ ಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ದೊರೆಯುತ್ತದೆ (ಕಾನೂನು ಸೇವೆಗಳ ಪ್ರಾಧಿಕಾರ ಅಧಿನಿಯಮ, 1987, 12ನೇ ಪ್ರಕರಣ). ಬಂಟ್ವಾಳ ತಾಲ್ಲೂಕಿನವರು ಬಿ.ಸಿ.ರೋಡಿನ ನ್ಯಾಯಾಲಯದಲ್ಲಿ ತಾಲ್ಲೂಕು ಕಾನೂನು ಸೇವೆಗಳ ಸಮಿತಿಯನ್ನು ವಿಚಾರಿಸಬಹುದು, ದೂರವಾಣಿ 15100. ಬಿಳಿ ಹಾಳೆಯಲ್ಲಿ ಬರೆದ ಅರ್ಜಿ ಸಾಕು, ನಡೆದ ಘಟನೆಯನ್ನು ಅದರಲ್ಲಿ ವಿವರಿಸಬೇಕಾಗಿಲ್ಲ. “ಕಾನೂನು ಸಲಹೆ ಬೇಕಾಗಿದೆ” ಎಂದಷ್ಟೇ ಬರೆಯಬಹುದು. ಅತ್ಯಾಚಾರ ಸಂತ್ರಸ್ತೆಯರಿಗೆ 2018ರ ಪರಿಹಾರ ಯೋಜನೆಯಡಿ 4 ಲಕ್ಷದಿಂದ 7 ಲಕ್ಷ ರೂಪಾಯಿಗಳವರೆಗೆ ಪರಿಹಾರಕ್ಕೆ ಅವಕಾಶವಿದ್ದು, ಅರ್ಜಿಯನ್ನು ಘಟನೆ ಅಥವಾ ವಿಚಾರಣೆ ಮುಗಿದ ದಿನದಿಂದ ಮೂರು ವರ್ಷದೊಳಗೆ ಸಲ್ಲಿಸತಕ್ಕದ್ದು. ಮಹಿಳಾ ಸಹಾಯವಾಣಿ ಸಂಖ್ಯೆ 181.

ಮೇಲಿನ ಯಾವ ಸೇವೆಗೂ ಅರ್ಜಿ ಶುಲ್ಕ ಇರುವುದಿಲ್ಲ. ಅರ್ಜಿದಾರರೊಂದಿಗೆ ಸಹೋದರಿಯು ಜೊತೆಗೆ ಬರಬಹುದು.