ವೈದ್ಯಕೀಯ ಸಾಧನಗಳಲ್ಲಿ ನಿಸ್ತಂತು ದತ್ತಾಂಶ ರವಾನೆ: ಪೇಟೆಂಟ್ ವ್ಯಾಜ್ಯಗಳ ಇತಿಹಾಸ

ರೋಗಿಯ ಮೈಮೇಲೆ ಅಥವಾ ಮೈಯೊಳಗೆ ಇರುವ ಉಪಕರಣವೊಂದು ನಾಡಿಬಡಿತ, ಇಸಿಜಿ, ರಕ್ತದ ಆಮ್ಲಜನಕ, ಸಕ್ಕರೆಯ ಪ್ರಮಾಣ ಇಂಥವನ್ನು ಅಳೆದು, ತಂತಿಯ ನೆರವಿಲ್ಲದೆ ಮೊಬೈಲಿಗೋ ಆಸ್ಪತ್ರೆಗೋ ದೂರದ ಸರ್ವರಿಗೋ ಕಳುಹಿಸುತ್ತದೆ. ಈ ತಂತ್ರದ ಮೇಲೆ ಪೇಟೆಂಟ್ ಯಾರದು, ಅದನ್ನು ಉಲ್ಲಂಘಿಸಿದವರು ಯಾರು ಎಂದು ಕಂಪನಿಗಳ ನಡುವೆ ನಡೆದ ಮೊಕದ್ದಮೆಗಳ ಇತಿಹಾಸ ಇಲ್ಲಿನ ವಿಷಯ. ನಮ್ಮ ಪತ್ರಿಕೆಗಳು ಪೇಟೆಂಟನ್ನೂ ಹಕ್ಕುಸ್ವಾಮ್ಯ ಎಂದೇ ಬರೆಯುವುದುಂಟು. ಹಕ್ಕುಸ್ವಾಮ್ಯ ಸಲ್ಲುವುದು ಪುಸ್ತಕ, ಹಾಡು, ಸಿನಿಮಾಗಳಿಗೆ. ಪೇಟೆಂಟ್ ಎಂದರೆ ಹೊಸ ಸಾಧನ ಅಥವಾ ವಿಧಾನವನ್ನು ಕಂಡುಹಿಡಿದವರಿಗೆ ಒಂದು ದೇಶದ ಸರ್ಕಾರ ಆ ದೇಶದ ಗಡಿಯೊಳಗೆ ಮಾತ್ರ, ನಿಗದಿತ ಕಾಲಕ್ಕೆ ಮಾತ್ರ ಕೊಡುವ ಏಕಸ್ವಾಮ್ಯ. ಭಾರತದಲ್ಲಿ ಅದರ ಅವಧಿ 20 ವರ್ಷ.

ಈ ವ್ಯಾಜ್ಯಗಳ ತೊಡಕೆಲ್ಲ ‘ಗಡಿಯೊಳಗೆ’ ಎಂಬ ಮಾತಿನಲ್ಲಿದೆ. ತಂತಿ ಇದ್ದಾಗ ಯಂತ್ರ ಒಂದೇ ಕೋಣೆಯಲ್ಲಿ ಇರುತ್ತಿತ್ತು. ತಂತಿ ಹೋದ ಮೇಲೆ ಯಂತ್ರವೇ ಚದುರಿತು. ಎದೆಗೆ ಅಂಟಿಸಿದ ಪಟ್ಟಿ ಭದ್ರಾವತಿಯಲ್ಲಿದ್ದರೆ ಅದರ ಅಂಕಿಗಳನ್ನು ಲೆಕ್ಕಹಾಕುವ ಕಂಪ್ಯೂಟರು ಬೆಂಗಳೂರಿನಲ್ಲೋ ಸಿಂಗಪುರದಲ್ಲೋ ಇರಬಹುದು, ವರದಿಯನ್ನು ಓದುವ ಹೃದ್ರೋಗ ತಜ್ಞರು ಮತ್ತೊಂದು ಊರಿನಲ್ಲಿರಬಹುದು. ಹಾಗಾದರೆ ಉಲ್ಲಂಘನೆ ನಡೆದದ್ದು ಎಲ್ಲಿ? ಕಳೆದ ಇಪ್ಪತ್ತು ವರ್ಷಗಳ ದೊಡ್ಡ ಮೊಕದ್ದಮೆಗಳು ಈ ಪ್ರಶ್ನೆಯನ್ನು ಒಂದಲ್ಲ ಒಂದು ರೂಪದಲ್ಲಿ ಎದುರಿಸಿವೆ.

ಹಿನ್ನೆಲೆ

ದೇಹದ ಸಂಕೇತವನ್ನು ದೂರಕ್ಕೆ ಕಳುಹಿಸುವ ಯತ್ನ ಇಸಿಜಿಯಷ್ಟೇ ಹಳೆಯದು. ನೆದರ್ಲೆಂಡ್ಸಿನ ಲೈಡನ್ ನಗರದಲ್ಲಿ ವಿಲ್ಲೆಮ್ ಐಂತೋವನ್ 1905ರಲ್ಲಿ ಆಸ್ಪತ್ರೆಯ ರೋಗಿಯ ಹೃದಯಸಂಕೇತವನ್ನು ಸುಮಾರು ಒಂದೂವರೆ ಕಿಲೋಮೀಟರ್ ದೂರದ ತಮ್ಮ ಪ್ರಯೋಗಾಲಯಕ್ಕೆ ಟೆಲಿಫೋನ್ ತಂತಿಯ ಮೂಲಕ ತರಿಸಿಕೊಂಡರು. ರೇಡಿಯೊ ಅಲೆಗಳ ಮೂಲಕ ಅದನ್ನು ಸಾಧಿಸಿದವರು ಅಮೆರಿಕದ ನಾರ್ಮನ್ ಹೋಲ್ಟರ್. 1940ರ ದಶಕದ ಕೊನೆಯಲ್ಲಿ ಅವರು ಬೆನ್ನಿಗೆ ಹೊತ್ತು ತೋರಿಸಿದ ಉಪಕರಣ ಸುಮಾರು 38 ಕಿಲೋ ತೂಗುತ್ತಿತ್ತು. ಈಗಲೂ ವೈದ್ಯರು ‘ಹೋಲ್ಟರ್ ಹಾಕಿಸಿಕೊಳ್ಳಿ’ ಎನ್ನುವಾಗ ಬಳಸುವುದು ಅವರದೇ ಹೆಸರು.

ರೇಡಿಯೊ ಕ್ಷೇತ್ರ ಆ ಹೊತ್ತಿಗಾಗಲೇ ಪೇಟೆಂಟ್ ಜಗಳಗಳನ್ನು ಕಂಡಿತ್ತು. ಜಗದೀಶಚಂದ್ರ ಬೋಸರು ಪೇಟೆಂಟ್ ಪಡೆಯುವುದಕ್ಕೇ ಹಿಂಜರಿದವರು. ಸ್ನೇಹಿತರ ಒತ್ತಾಯದಿಂದ ಅರ್ಜಿ ಹಾಕಿದ ಅವರ ವಿದ್ಯುದಲೆ ಪತ್ತೆಯ ಸಾಧನಕ್ಕೆ 1904ರಲ್ಲಿ ಅಮೆರಿಕದ ಪೇಟೆಂಟ್ ದೊರೆಯಿತು. ಅದರಿಂದ ಲಾಭ ಮಾಡಿಕೊಳ್ಳಲು ಅವರು ಹೋಗಲಿಲ್ಲ. ಮಾರ್ಕೋನಿಯ ದಾರಿ ಇದಕ್ಕೆ ತೀರ ವಿರುದ್ಧ. ರೇಡಿಯೊ ಶ್ರುತಿಗೂಡಿಸುವ ವಿಧಾನದ ಮೇಲೆ ಅವರ ಕಂಪನಿಗಿದ್ದ ಮುಖ್ಯ ಪೇಟೆಂಟಿನ ಪ್ರಧಾನ ಅಂಶಗಳನ್ನು ಅಮೆರಿಕದ ಸುಪ್ರೀಂ ಕೋರ್ಟು 1943ರಲ್ಲಿ ಅಸಿಂಧುಗೊಳಿಸಿತು. ಅದೇ ಕೆಲಸವನ್ನು ಬೇರೆಯವರು ಮೊದಲೇ ಮಾಡಿದ್ದರು ಎಂಬುದು ಕಾರಣ. ಪ್ರತಿವಾದಿಗಳು ಇಂದಿಗೂ ಮೊದಲು ಹಿಡಿಯುವ ಅಸ್ತ್ರ ಇದೇ: ‘ನಾವು ಉಲ್ಲಂಘಿಸಿಲ್ಲ’ ಎನ್ನುವುದರ ಜೊತೆಗೆ ‘ನಿಮ್ಮ ಪೇಟೆಂಟೇ ಊರ್ಜಿತವಲ್ಲ’ ಎನ್ನುವುದು.

ಮೈಯೊಳಗಿನ ಸಾಧನ ಮಾತಾಡತೊಡಗಿದ್ದು ತಡವಾಗಿ. ಮೊದಮೊದಲು ಪೇಸ್‌ಮೇಕರಿನೊಂದಿಗೆ ಸಂಪರ್ಕ ಬೇಕೆಂದರೆ ಎದೆಯ ಮೇಲೆ ಸಾಧನವೊಂದನ್ನು ಒತ್ತಿ ಹಿಡಿಯಬೇಕಿತ್ತು. 1999ರಲ್ಲಿ ಅಮೆರಿಕದ ದೂರಸಂಪರ್ಕ ಆಯೋಗ 402ರಿಂದ 405 ಮೆಗಾಹರ್ಟ್ಸ್ ವರೆಗಿನ ತರಂಗಪಟ್ಟಿಯನ್ನು ಇಂಥ ಸಾಧನಗಳಿಗೆ ಬಿಟ್ಟುಕೊಟ್ಟಿತು. 2001ರಲ್ಲಿ ಜರ್ಮನಿಯ ಬಯೋಟ್ರಾನಿಕ್ ಕಂಪನಿಯ ಮನೆಯಿಂದಲೇ ನಿಗಾ ಇಡುವ ವ್ಯವಸ್ಥೆಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಮೆಡ್‌ಟ್ರಾನಿಕ್ ಮುಂತಾದವು ಹಿಂದೆಯೇ ಬಂದವು. ಮಾರುಕಟ್ಟೆ ಬೆಳೆದಂತೆ ದಾವೆಗಳೂ ಬೆಳೆದವು.

ಬ್ಲ್ಯಾಕ್‌ಬೆರಿಯಿಂದ ಕೈಗಡಿಯಾರದವರೆಗೆ

‘ಎಲ್ಲಿ’ ಎಂಬ ಪ್ರಶ್ನೆಯನ್ನು ಮೊದಲು ಗಟ್ಟಿಯಾಗಿ ಎತ್ತಿದ ಮೊಕದ್ದಮೆ ವೈದ್ಯಕೀಯದ್ದಲ್ಲ, ನಿಸ್ತಂತು ಇ-ಮೇಲಿನದು. ಬ್ಲ್ಯಾಕ್‌ಬೆರಿ ಫೋನಿನ ತಯಾರಕರ ಮೇಲೆ ಎನ್‌ಟಿಪಿ ಎಂಬ ಕಂಪನಿ ಅಮೆರಿಕದಲ್ಲಿ ದಾವೆ ಹೂಡಿತು. ಬ್ಲ್ಯಾಕ್‌ಬೆರಿಯ ಸಂದೇಶಗಳೆಲ್ಲ ಹಾದುಹೋಗುತ್ತಿದ್ದ ಕೇಂದ್ರ ಕೆನಡಾದಲ್ಲಿತ್ತು. ಯಂತ್ರವ್ಯವಸ್ಥೆಯನ್ನು ಬಳಸುವ ಹಿಡಿತ ಮತ್ತು ಅದರ ಫಲ ಅಮೆರಿಕದಲ್ಲಿದ್ದುದರಿಂದ ವ್ಯವಸ್ಥೆಯ ಪೇಟೆಂಟಿನ ಉಲ್ಲಂಘನೆ ಅಲ್ಲಿಯೇ ಆಯಿತು. ಆದರೆ ವಿಧಾನದ ಪೇಟೆಂಟಿನಲ್ಲಿ ಪ್ರತಿಯೊಂದು ಹೆಜ್ಜೆಯೂ ದೇಶದೊಳಗೇ ನಡೆದಿರಬೇಕು. 2005ರಲ್ಲಿ ಮೇಲ್ಮನವಿ ನ್ಯಾಯಾಲಯ ಹೀಗೆ ಗೆರೆ ಎಳೆಯಿತು. 2006ರಲ್ಲಿ 61.25 ಕೋಟಿ ಡಾಲರ್ ಕೊಟ್ಟು ಬ್ಲ್ಯಾಕ್‌ಬೆರಿ ರಾಜಿಯಾಯಿತು. ಮುಂದೆ ವೈದ್ಯಕೀಯ ಸಾಧನಗಳ ಪೇಟೆಂಟನ್ನು ಬರೆಯುವವರು ‘ವಿಧಾನ’ದ ಜೊತೆಗೆ ‘ವ್ಯವಸ್ಥೆ’ಯನ್ನೂ ತಮ್ಮ ಹಕ್ಕುಕೋರಿಕೆಯಲ್ಲಿ ಏಕೆ ಸೇರಿಸುತ್ತಾರೆ ಎಂಬುದು ಈ ತೀರ್ಪನ್ನು ಓದಿದರೆ ತಿಳಿಯುತ್ತದೆ.

ಹೃದಯದ ಕಡೆಯಿಂದ ಬಂದ ಮುಖ್ಯ ತೀರ್ಪು ಕಾರ್ಡಿಯೋನೆಟ್ ಮತ್ತು ಇನ್ಫೋಬಯಾನಿಕ್ ಕಂಪನಿಗಳ ನಡುವಿನದು. ಓಡಾಡುವ ರೋಗಿಯ ಇಸಿಜಿಯನ್ನು ಮೊಬೈಲ್ ಜಾಲದ ಮೂಲಕ ಕಳುಹಿಸುವ ವ್ಯವಸ್ಥೆಯಲ್ಲಿ ಹೆಸರು ಮಾಡಿದ್ದು ಕಾರ್ಡಿಯೋನೆಟ್. ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವಿನ ಅಂತರದ ಏರುಪೇರಿನಿಂದ ಹೃದಯದ ಲಯತಪ್ಪನ್ನು ಗುರುತಿಸುವ ಸಾಧನ ಅದರ ಪೇಟೆಂಟಿನ ವಿಷಯವಾಗಿತ್ತು. ವೈದ್ಯರು ಮೊದಲೇ ಮಾಡುತ್ತಿದ್ದ ಲೆಕ್ಕವನ್ನು ಯಂತ್ರಕ್ಕೆ ಹೇಳಿಕೊಟ್ಟಿದ್ದೀರಿ ಅಷ್ಟೆ, ಇದು ಬರೀ ವಿಚಾರ ಎಂದು ಕೆಳಗಿನ ನ್ಯಾಯಾಲಯ ದಾವೆಯನ್ನು ವಜಾ ಮಾಡಿತು. 2020ರ ಏಪ್ರಿಲ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಇದನ್ನು ತಿರುವಿಹಾಕಿ, ಇದು ಹೃದಯ ನಿಗಾ ಸಾಧನವನ್ನೇ ಸುಧಾರಿಸಿದ ಆವಿಷ್ಕಾರ ಎಂದಿತು. ನನ್ನ ದೃಷ್ಟಿಯಲ್ಲಿ ಮೇಲಿನ ನ್ಯಾಯಾಲಯದ ಮಾತೇ ಸರಿ. ಲೆಕ್ಕ ಹಳೆಯದಾದರೂ, ನಡೆಯುತ್ತ ಉಸಿರೆಳೆಯುತ್ತ ಇರುವ ಮನುಷ್ಯನ ಗದ್ದಲದ ಸಂಕೇತದಿಂದ ಅದನ್ನು ತಪ್ಪಿಲ್ಲದೆ ಬಿಡಿಸುವುದು ನಿಜವಾದ ಎಂಜಿನಿಯರಿಂಗ್.

ಅಲೈವ್‌ಕೋರ್ ಕಂಪನಿಯದು ಇನ್ನೊಂದು ಕಥೆ. ಮೊಬೈಲಿನ ಹಿಂಬದಿಗೆ ಅಂಟಿಸುವ ಅದರ ಪುಟ್ಟ ಇಸಿಜಿ ಸಾಧನಕ್ಕೆ ಅಮೆರಿಕದಲ್ಲಿ 2012ರಲ್ಲಿ ಒಪ್ಪಿಗೆ ಸಿಕ್ಕಿತ್ತು. ಇದರ ಸೊಗಸು ಎಂದರೆ ಇದಕ್ಕೆ ರೇಡಿಯೊ ಅಲೆಯೇ ಬೇಡ. ಹೃದಯಸಂಕೇತವನ್ನು ಕಿವಿಗೆ ಕೇಳಿಸದಷ್ಟು ಎತ್ತರದ ಸ್ವರವನ್ನಾಗಿ ಮಾಡಿ ಹೊರಡಿಸುತ್ತದೆ, ಮೊಬೈಲಿನ ಮೈಕು ಅದನ್ನು ಆಲಿಸುತ್ತದೆ. ಮುಂದೆ ಆಪಲ್ ತನ್ನ ಕೈಗಡಿಯಾರದೊಳಗೇ ಇಸಿಜಿಯನ್ನು ತಂದಾಗ ಅಲೈವ್‌ಕೋರ್ 2021ರಲ್ಲಿ ಅಮೆರಿಕದ ಅಂತರರಾಷ್ಟ್ರೀಯ ವ್ಯಾಪಾರ ಆಯೋಗಕ್ಕೆ ದೂರು ಕೊಟ್ಟಿತು. 2022ರ ಡಿಸೆಂಬರ್ ತಿಂಗಳೊಂದರಲ್ಲೇ ಎರಡು ವಿರುದ್ಧ ಆದೇಶಗಳು ಬಂದವು: ಪೇಟೆಂಟ್ ಮಂಡಳಿ ಅಲೈವ್‌ಕೋರಿನ ಪೇಟೆಂಟುಗಳು ಸಿಂಧುವಲ್ಲ ಎಂದರೆ, ವ್ಯಾಪಾರ ಆಯೋಗ ಆಪಲ್ ಉಲ್ಲಂಘಿಸಿದೆ ಎಂದಿತು. 2025ರ ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಮಂಡಳಿಯ ಮಾತನ್ನೇ ಎತ್ತಿಹಿಡಿಯಿತು.

ಎಲ್ಲಕ್ಕಿಂತ ಹೆಚ್ಚು ಕಲಿಸಿದ್ದು ಮಾಸಿಮೊ ಮತ್ತು ಆಪಲ್ ನಡುವಿನ ಹೋರಾಟ. ಕೋವಿಡ್ ಕಾಲದಲ್ಲಿ ನಮ್ಮ ಮನೆಮನೆಗೆ ಪರಿಚಯವಾದ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರಿನ ಮೂಲತತ್ತ್ವವನ್ನು ಜಪಾನಿನ ತಕುವೊ ಅವೊಯಾಗಿ 1970ರ ದಶಕದಲ್ಲಿ ಕಂಡುಕೊಂಡರು. ಕೈ ಅಲುಗಾಡಿದರೂ ಅಳತೆ ತಪ್ಪದಂತೆ ಅದನ್ನು ಸುಧಾರಿಸಿದ್ದು ಮಾಸಿಮೊ. ಆಪಲ್ ಕೈಗಡಿಯಾರದ ಆಕ್ಸಿಮೀಟರು ತನ್ನ ಪೇಟೆಂಟನ್ನು ಉಲ್ಲಂಘಿಸಿದೆ ಎಂಬ ಅದರ ದೂರನ್ನು ವ್ಯಾಪಾರ ಆಯೋಗ 2023ರ ಅಕ್ಟೋಬರ್‌ನಲ್ಲಿ ಎತ್ತಿಹಿಡಿದು, ಆ ಗಡಿಯಾರಗಳ ಆಮದನ್ನೇ ನಿಷೇಧಿಸಿತು. 2024ರ ಜನವರಿಯಿಂದ ಅಮೆರಿಕದಲ್ಲಿ ಆಪಲ್ ಆ ಸೌಲಭ್ಯವನ್ನು ನಿಷ್ಕ್ರಿಯಗೊಳಿಸಿ ಗಡಿಯಾರ ಮಾರಿತು. 2025ರ ಆಗಸ್ಟ್‌ನಲ್ಲಿ ಸೌಲಭ್ಯ ಮರಳಿ ಬಂದಿತು, ಆದರೆ ಮಾರ್ಪಾಟಿನೊಂದಿಗೆ: ಗಡಿಯಾರ ಬೆಳಕಿನ ಅಳತೆಯನ್ನಷ್ಟೇ ಹಿಡಿದು ನಿಸ್ತಂತುವಾಗಿ ಫೋನಿಗೆ ಕಳುಹಿಸುತ್ತದೆ, ಆಮ್ಲಜನಕದ ಶೇಕಡಾವಾರು ಲೆಕ್ಕ ಫೋನಿನಲ್ಲಿ ಆಗುತ್ತದೆ. ಮಣಿಕಟ್ಟಿನಿಂದ ಜೇಬಿಗೆ ಲೆಕ್ಕವನ್ನು ಸ್ಥಳಾಂತರಿಸಿದ ಮಾತ್ರಕ್ಕೆ ನಿಷೇಧದಿಂದ ಪಾರಾಗುವ ದಾರಿ ತೆರೆಯಿತು. ಅದೇ ವರ್ಷ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಜ್ಯೂರಿ ಇನ್ನೊಂದು ಪೇಟೆಂಟಿನ ಮೇಲೆ ಮಾಸಿಮೊಗೆ 63.4 ಕೋಟಿ ಡಾಲರ್ ಪರಿಹಾರ ಘೋಷಿಸಿತು. ಆ ಪೇಟೆಂಟಿನ ಅವಧಿ 2022ರಲ್ಲೇ ಮುಗಿದಿತ್ತು. ಅವಧಿ ತೀರಿದರೂ ಹಿಂದಿನ ಉಲ್ಲಂಘನೆಯ ಬಾಕಿ ತೀರುವುದಿಲ್ಲ.

ಸಕ್ಕರೆ ಕಾಯಿಲೆಯವರು ತೋಳಿಗೆ ಅಂಟಿಸಿಕೊಳ್ಳುವ ಸೆನ್ಸರುಗಳ ಬಗ್ಗೆ ಅಬಾಟ್ ಮತ್ತು ಡೆಕ್ಸ್‌ಕಾಮ್ 2021ರಿಂದ ಅಮೆರಿಕ, ಬ್ರಿಟನ್, ಜರ್ಮನಿಗಳಲ್ಲಿ ಕಾದಾಡಿ, 2024ರ ಡಿಸೆಂಬರ್‌ನಲ್ಲಿ ಹತ್ತು ವರ್ಷ ಪರಸ್ಪರ ದಾವೆ ಹೂಡುವುದಿಲ್ಲವೆಂದು ರಾಜಿಯಾದವು.

ಭಾರತದಲ್ಲಿ

1911ರ ಪೇಟೆಂಟ್ ಮತ್ತು ವಿನ್ಯಾಸಗಳ ಕಾಯ್ದೆ ಬ್ರಿಟಿಷ್ ಇಂಡಿಯಾದ್ದು. ಶಿವಮೊಗ್ಗ, ಭದ್ರಾವತಿಗಳು ಆಗ ಮೈಸೂರು ಸಂಸ್ಥಾನದಲ್ಲಿದ್ದುದರಿಂದ ಅದರ ವ್ಯಾಪ್ತಿಯ ಹೊರಗಿದ್ದವು. ಸ್ವಾತಂತ್ರ್ಯಾನಂತರ ನ್ಯಾಯಮೂರ್ತಿ ಎನ್. ರಾಜಗೋಪಾಲ ಅಯ್ಯಂಗಾರ್ ಅವರ 1959ರ ವರದಿಯನ್ನು ಆಧರಿಸಿ ರೂಪುಗೊಂಡ 1970ರ ಪೇಟೆಂಟ್ ಕಾಯ್ದೆ 1972ರ ಏಪ್ರಿಲ್ 20ರಂದು ಜಾರಿಗೆ ಬಂದಿತು. ನಮ್ಮ ವಿಷಯಕ್ಕೆ ಅದರ ಎರಡು ಉಪಕಲಮುಗಳು ಮುಖ್ಯ. 3(ಐ) ಪ್ರಕಾರ ಚಿಕಿತ್ಸೆಯ ಮತ್ತು ರೋಗನಿರ್ಣಯದ ವಿಧಾನಗಳಿಗೆ ಪೇಟೆಂಟ್ ಇಲ್ಲ. 3(ಕೆ) ಪ್ರಕಾರ ಬರೀ ಕಂಪ್ಯೂಟರ್ ಪ್ರೋಗ್ರಾಮಿಗೂ ಇಲ್ಲ. ಎದೆಬಡಿತವನ್ನು ಓದುವ ನಿಸ್ತಂತು ಸಾಧನ ಈ ಎರಡು ಗೋಡೆಗಳ ನಡುವಿನ ಓಣಿಯಲ್ಲೇ ನಡೆಯಬೇಕು. 2019ರಲ್ಲಿ ಫರೀದ್ ಅಲ್ಲಾನಿ ಪ್ರಕರಣದಲ್ಲಿ ದೆಹಲಿ ಹೈಕೋರ್ಟಿನ ನ್ಯಾಯಮೂರ್ತಿ ಪ್ರತಿಭಾ ಎಂ. ಸಿಂಗ್ ಅವರು, ತಾಂತ್ರಿಕ ಪರಿಣಾಮವನ್ನು ತೋರಿಸುವ ಆವಿಷ್ಕಾರವನ್ನು ಕಂಪ್ಯೂಟರ್ ಆಧಾರಿತ ಎಂಬ ಒಂದೇ ಕಾರಣಕ್ಕೆ ತಳ್ಳಿಹಾಕಬಾರದೆಂದರು. 2023ರಲ್ಲಿ ಮದ್ರಾಸ್ ಹೈಕೋರ್ಟು ‘ರೋಗನಿರ್ಣಯ’ ಎಂಬ ಪದದ ವ್ಯಾಪ್ತಿಯನ್ನು ಹಿಡಿತಕ್ಕೆ ತಂದು, ರೋಗವನ್ನೇ ಗುರುತಿಸುವ ವಿಧಾನಕ್ಕಷ್ಟೇ ಆ ನಿಷೇಧ ಎಂದಿತು. ಕರ್ನಾಟಕದವರಿಗೆ ಈ ಎರಡನೆಯ ತೀರ್ಪು ನೇರವಾಗಿ ಮುಖ್ಯ. ದೇಶದ ನಾಲ್ಕು ಪೇಟೆಂಟ್ ಕಚೇರಿಗಳು ಕೋಲ್ಕತ್ತ, ದೆಹಲಿ, ಮುಂಬೈ, ಚೆನ್ನೈಗಳಲ್ಲಿವೆ. ನಮ್ಮ ರಾಜ್ಯದ ಅರ್ಜಿಗಳು ಹೋಗುವುದು ಚೆನ್ನೈಗೆ, ಅಲ್ಲಿನ ಆದೇಶಗಳ ಮೇಲ್ಮನವಿ ಮದ್ರಾಸ್ ಹೈಕೋರ್ಟಿಗೆ.

ನಿಸ್ತಂತು ಸಂಪರ್ಕದ ಮೂಲ ಪೇಟೆಂಟುಗಳ ಹೋರಾಟವೂ ಇಲ್ಲಿ ಮೊಬೈಲ್ ಕಂಪನಿಗಳ ಹೆಸರಿನಲ್ಲೇ ನಡೆಯಿತು. 2013ರಲ್ಲಿ ಎರಿಕ್ಸನ್ ಮೈಕ್ರೋಮ್ಯಾಕ್ಸ್ ವಿರುದ್ಧ ದೆಹಲಿ ಹೈಕೋರ್ಟಿಗೆ ಹೋಯಿತು. 2024ರ ಮಾರ್ಚ್‌ನಲ್ಲಿ ಅದೇ ನ್ಯಾಯಾಲಯ ಲಾವಾ ಕಂಪನಿ ಎರಿಕ್ಸನ್‌ಗೆ 244 ಕೋಟಿ ರೂಪಾಯಿ ಕೊಡಬೇಕೆಂದಿತು. ಮೊಬೈಲ್ ಜಾಲದ ಮೂಲಕ ಇಸಿಜಿ ಕಳುಹಿಸುವ ಯಂತ್ರದೊಳಗೂ ಅದೇ ಮಾನಕಗಳ ಸಂಪರ್ಕ ಘಟಕ ಇರುವುದರಿಂದ ವೈದ್ಯಕೀಯ ಸಾಧನ ತಯಾರಕರು ಈ ತೀರ್ಪುಗಳನ್ನು ಓದಲೇಬೇಕು.

ಕರ್ನಾಟಕ ಮತ್ತು ಶಿವಮೊಗ್ಗ

‘ಆಕಾಶವಾಣಿ’ ಎಂಬ ಹೆಸರು ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ 1935ರಲ್ಲಿ ಆರಂಭಿಸಿದ ಬಾನುಲಿ ಕೇಂದ್ರದ್ದು. ಶಿವಮೊಗ್ಗ ಜಿಲ್ಲೆಯ ಮನೆಗಳಿಗೆ ನಿಸ್ತಂತು ಹತ್ತಿರವಾದದ್ದು 1965ರಲ್ಲಿ ಶುರುವಾದ ಭದ್ರಾವತಿ ಆಕಾಶವಾಣಿಯಿಂದ. ರಾಜ್ಯದಲ್ಲಿ ದೂರವೈದ್ಯಕೀಯದ ಮೊದಲ ದೊಡ್ಡ ಪ್ರಯೋಗ 2002ರ ಸುಮಾರಿಗೆ, ಇಸ್ರೊ ಉಪಗ್ರಹದ ನೆರವಿನಿಂದ, ಚಾಮರಾಜನಗರದ ಜಿಲ್ಲಾಸ್ಪತ್ರೆ ಹಾಗೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಗಳನ್ನು ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿತು. 2018ರಿಂದ ಮಂಗಳೂರಿನ ಡಾ. ಪದ್ಮನಾಭ ಕಾಮತ್ ಅವರು ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಕೊಡಿಸಿ, ವಾಟ್ಸ್‌ಆ್ಯಪಿನಲ್ಲೇ ವರದಿ ನೋಡಿ ಸಲಹೆ ಕೊಡುವ ಬಳಗ ಕಟ್ಟಿದರು. ಬೆಂಗಳೂರಿನ ಟ್ರೈಕಾಗ್ ಕಂಪನಿ ಇಸಿಜಿಯನ್ನು ಕ್ಲೌಡಿಗೆ ಕಳುಹಿಸಿ ನಿಮಿಷಗಳಲ್ಲಿ ಓದಿಸುವ ಯಂತ್ರ ರೂಪಿಸಿತು. ಪುನೀತ್ ರಾಜ್‌ಕುಮಾರ್ ಅವರ ನೆನಪಿನ ಹೃದಯ ಜ್ಯೋತಿ ಯೋಜನೆ ತಾಲ್ಲೂಕು ಆಸ್ಪತ್ರೆಗಳ ಇಸಿಜಿಯನ್ನು ಜಯದೇವದಂಥ ದೊಡ್ಡ ಆಸ್ಪತ್ರೆಗಳಿಗೆ ಬೆಸೆದು, ಎದೆನೋವು ಬಂದವರಿಗೆ ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದು ಸ್ಥಳದಲ್ಲೇ ಸಿಗುವಂತೆ ಮಾಡಿತು. ಮಲೆನಾಡಿನ ಮಳೆಗಾಲದಲ್ಲಿ ಘಟ್ಟದ ರಸ್ತೆಯಲ್ಲಿ ರೋಗಿಯನ್ನು ಸಾಗಿಸಿದವರಿಗೆ ಇದರ ಬೆಲೆ ಗೊತ್ತು. ಪೇಟೆಂಟ್ ವ್ಯಾಜ್ಯದಿಂದ ಇಂಥ ಯಂತ್ರಗಳ ಪೂರೈಕೆ ನಿಂತರೆ ನಷ್ಟವಾಗುವುದು ಮೊದಲು ಇವರಿಗೇ. ಆದ್ದರಿಂದ ತಡೆಯಾಜ್ಞೆ ಕೊಡುವಾಗ ನ್ಯಾಯಾಲಯಗಳು ಸಾರ್ವಜನಿಕ ಹಿತವನ್ನೂ ತೂಗುವುದು ಸರಿಯಾದ ಕ್ರಮ.

ದೆಹಲಿ, ಮದ್ರಾಸ್ ಹೈಕೋರ್ಟುಗಳಂತೆ ಕರ್ನಾಟಕ ಹೈಕೋರ್ಟಿಗೆ ಸಿವಿಲ್ ದಾವೆಗಳನ್ನು ನೇರವಾಗಿ ಸ್ವೀಕರಿಸುವ ಸಾಮಾನ್ಯ ಮೂಲ ಅಧಿಕಾರವಿಲ್ಲ. ಕಾಯ್ದೆಯ 104ನೇ ಕಲಮಿನ ಪ್ರಕಾರ ಉಲ್ಲಂಘನೆಯ ದಾವೆಯನ್ನು ಜಿಲ್ಲಾ ನ್ಯಾಯಾಲಯಕ್ಕಿಂತ ಕೆಳಗೆ ಹೂಡುವಂತಿಲ್ಲ. ಉಲ್ಲಂಘನೆ ಶಿವಮೊಗ್ಗದಲ್ಲೋ ಭದ್ರಾವತಿಯಲ್ಲೋ ನಡೆದರೆ ದಾವೆ ಶುರುವಾಗಬಹುದಾದ ಸ್ಥಳ ಶಿವಮೊಗ್ಗದ ಜಿಲ್ಲಾ ನ್ಯಾಯಾಲಯ. ಪ್ರತಿವಾದಿ ಪೇಟೆಂಟನ್ನೇ ರದ್ದುಮಾಡಬೇಕೆಂದು ಪ್ರತಿದಾವೆ ಹೂಡಿದ ಗಳಿಗೆಯಿಂದ ಮಾತ್ರ ಪ್ರಕರಣ ಹೈಕೋರ್ಟಿಗೆ ವರ್ಗವಾಗುತ್ತದೆ. ಅಮೆರಿಕದ ಪೇಟೆಂಟಿಗೆ ಇಲ್ಲಿ ಬೆಲೆಯಿಲ್ಲ. ನೋಡಬೇಕಾದದ್ದು ಭಾರತದ ನೋಂದಣಿ ಪುಸ್ತಕವನ್ನು.

ಶಿವಮೊಗ್ಗ, ಭದ್ರಾವತಿಯ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಒಂದು ಮಾತು. ಆವಿಷ್ಕಾರವನ್ನು ಬಹಿರಂಗವಾಗಿ ತೋರಿಸಿದ ಮೇಲೆ ಅದನ್ನು ಹೊಸದೆಂದು ಸಾಧಿಸುವುದು ಕಷ್ಟ. ಕಾಯ್ದೆಯ ವಿನಾಯಿತಿ ಸರ್ಕಾರ ಅಧಿಸೂಚಿಸಿದ ಪ್ರದರ್ಶನಗಳಂಥ ಕೆಲವೇ ಸಂದರ್ಭಗಳಿಗೆ ಸಲ್ಲುತ್ತದೆ. ನಿಮ್ಮ ನಿಸ್ತಂತು ಇಸಿಜಿಯನ್ನೋ ಗ್ಲೂಕೋಸ್ ಪಟ್ಟಿಯನ್ನೋ ಕಾಲೇಜಿನ ಮೇಳದಲ್ಲಿ ಇಡುವ ಮೊದಲೇ ತಾತ್ಕಾಲಿಕ ವಿವರಣೆಯೊಂದಿಗೆ ಅರ್ಜಿ ಹಾಕಿ. ವ್ಯಕ್ತಿಯೊಬ್ಬರು ಆನ್‌ಲೈನಿನಲ್ಲಿ ಸಲ್ಲಿಸುವ ಅರ್ಜಿಯ ಶುಲ್ಕ 1,600 ರೂಪಾಯಿ. ಪೂರ್ಣ ವಿವರಣೆ ಕೊಡಲು ಅಲ್ಲಿಂದ 12 ತಿಂಗಳ ಕಾಲಾವಕಾಶವಿದೆ.