ಓದಿದ ಪುಸ್ತಕಕ್ಕೆ ಎಷ್ಟು ಅಂಕ?

ಚಿಂಚೋಳಿಯ ಹಳೆಯ ಮನೆಯೊಂದರ ಸಂದೂಕದಲ್ಲಿ ‘ಇಂದ್ರಜಾಲ ಕಾಮಿಕ್ಸ್’ನ ಕನ್ನಡ ಸಂಚಿಕೆಯೊಂದು ಸಿಕ್ಕಿತೆನ್ನಿ. ಮುಖಪುಟದ ಮೇಲೆ ಯಾರದೋ ಹೆಸರು ಬರೆದಿದೆ. ಮೂಲೆ ಮಡಿಚಿದೆ, ಪಿನ್ನು ತುಕ್ಕು ಹಿಡಿದಿದೆ. ರದ್ದಿ ಅಂಗಡಿಯವನಿಗೆ ಇದು ತೂಕಕ್ಕೆ ಹಾಕುವ ಕಾಗದ. ಸಂಗ್ರಾಹಕರಿಗೆ ಮಾತ್ರ ಇದೊಂದು ವಾದದ ವಸ್ತು. ಇದಕ್ಕೆ ಎಷ್ಟು ಅಂಕ ಕೊಡಬೇಕು ಎಂಬುದೇ ಆ ವಾದ.

ಹಳೆಯ ವಸ್ತುವಿನ ಸ್ಥಿತಿಯನ್ನು ಅಂಕೆಯಲ್ಲಿ ಅಳೆಯುವ ಪದ್ಧತಿ ನಾಣ್ಯಸಂಗ್ರಹದಿಂದ ಬಂದದ್ದು. ಅಮೆರಿಕದ ವಿಲಿಯಂ ಶೆಲ್ಡನ್ 1949ರಲ್ಲಿ ನಾಣ್ಯಗಳಿಗೆ 1ರಿಂದ 70ರವರೆಗಿನ ಮಾಪನವನ್ನು ಸೂಚಿಸಿದರು. 1970ರಲ್ಲಿ ರಾಬರ್ಟ್ ಓವರ್‌ಸ್ಟ್ರೀಟ್ ಹೊರತಂದ ಬೆಲೆ ಕೈಪಿಡಿಯಿಂದ ಕಾಮಿಕ್ಸ್ ವ್ಯಾಪಾರಕ್ಕೊಂದು ಆಧಾರ ದೊರೆಯಿತು. ಇಂದು ಬಳಕೆಯಲ್ಲಿರುವ ಮಾಪನ 0.5ರಿಂದ 10ರವರೆಗಿನದು. ಇದರಲ್ಲಿ ‘ಗುಡ್’ ಎಂದರೆ ಕೇವಲ 2 ಅಂಕ! ಹೆಸರು ಕೇಳಿ ಮೋಸ ಹೋದ ಹೊಸಬರು ಕಡಿಮೆಯೇನಲ್ಲ.

ಮಾರುವವನು ಕೊಡುವ ಅಂಕಕ್ಕೂ ಕೊಳ್ಳುವವನು ಕೊಡುವ ಅಂಕಕ್ಕೂ ಹೊಂದಿಕೆಯಾಗುವುದು ಅಪರೂಪ. ಈ ಜಗಳ ತೀರಿಸಲೆಂದು 2000ದಲ್ಲಿ ಸಿಜಿಸಿ ಎಂಬ ಅಮೆರಿಕದ ಸಂಸ್ಥೆ ಹುಟ್ಟಿಕೊಂಡಿತು. ಅದು ಪುಸ್ತಕವನ್ನು ಪರೀಕ್ಷಿಸಿ, ಅಂಕ ನಮೂದಿಸಿ, ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುಚ್ಚಿಬಿಡುತ್ತದೆ. 1938ರಲ್ಲಿ 10 ಸೆಂಟಿಗೆ ಮಾರಾಟವಾಗಿದ್ದ, ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡ ‘ಆ್ಯಕ್ಷನ್ ಕಾಮಿಕ್ಸ್’ ಮೊದಲ ಸಂಚಿಕೆಯ ಒಂದು ಪ್ರತಿ 9.0 ಅಂಕ ಪಡೆದು, 2014ರಲ್ಲಿ 32 ಲಕ್ಷ ಡಾಲರಿಗೆ ಹೋಯಿತು.

ಆದರೆ ಜಗಳ ತೀರಲಿಲ್ಲ, ರೂಪ ಬದಲಿಸಿತಷ್ಟೆ. ಮುಚ್ಚಿದ ಪುಸ್ತಕವನ್ನು ಓದುವುದು ಹೇಗೆ ಎಂದು ಕೆಲವರು ಕೇಳಿದರು. ಹರಿದದ್ದನ್ನು ಜೋಡಿಸಿ, ಬಣ್ಣ ತುಂಬಿದರೆ ಅದು ರಕ್ಷಣೆಯೋ ವಂಚನೆಯೋ ಎಂಬ ಚರ್ಚೆ ಎದ್ದಿತು. ಇಂಥ ಪ್ರತಿಗಳಿಗೆ ಸಿಜಿಸಿ ನೇರಳೆ ಬಣ್ಣದ ಚೀಟಿ ಅಂಟಿಸಿತು. ಅವುಗಳ ಬೆಲೆ ಇಳಿಯಿತು.

ಅಂಕಕ್ಕೆ ಹವೆಯೂ ಕಾರಣ. ಅಗ್ಗದ ಕಾಗದದಲ್ಲಿ ಉಳಿಯುವ ಲಿಗ್ನಿನ್ ಎಂಬ ವಸ್ತು ಬೆಳಕು, ಗಾಳಿ ತಗುಲಿದರೆ ಹಳದಿಯಾಗುತ್ತದೆ, ಆಮ್ಲ ಹುಟ್ಟಿ ಕಾಗದ ಪುಡಿಯಾಗುತ್ತದೆ. ಕರಾವಳಿಯಲ್ಲಿ ತೇವ ಪಿನ್ನನ್ನು ತಿಂದರೆ, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ ಸೀಮೆಯಲ್ಲಿ ಬಿಸಿಲು ಪುಟವನ್ನು ಹಪ್ಪಳದಂತೆ ಮಾಡುತ್ತದೆ. ಗೆದ್ದಲಿನ ಕಾಟ ಬೇರೆ.

ಕನ್ನಡದ ಸಂಗತಿ ಇನ್ನೂ ಭಿನ್ನ. ಟೈಮ್ಸ್ ಆಫ್ ಇಂಡಿಯಾ ಬಳಗದ ‘ಇಂದ್ರಜಾಲ’ 1964ರಲ್ಲಿ ಆರಂಭವಾಗಿ 1990ರಲ್ಲಿ ನಿಂತಿತು. ಅದರ ಕನ್ನಡ ಆವೃತ್ತಿಯೂ ಇತ್ತು. ಕಾರ್ಕಳದ ಅನಂತ ಪೈ 1967ರಲ್ಲಿ ಆರಂಭಿಸಿದ ‘ಅಮರ ಚಿತ್ರ ಕಥೆ’ ಮರುಮುದ್ರಣವಾಗುತ್ತಲೇ ಬಂದಿದೆ. ಆದ್ದರಿಂದ ಅದರಲ್ಲಿ ಸ್ಥಿತಿಗಿಂತ ಮೊದಲು ಯಾವ ಮುದ್ರಣ ಎಂಬುದು ಮುಖ್ಯವಾಗುತ್ತದೆ. ಮುಖಪುಟದ ಬೆಲೆಯೂ ಅದಕ್ಕೊಂದು ಸುಳಿವು. 1949ರಿಂದ ಕನ್ನಡದಲ್ಲಿ ಬಂದ ‘ಚಂದಮಾಮ’ದ ವರ್ಷದ ಸಂಚಿಕೆಗಳನ್ನು ಒಟ್ಟಿಗೆ ಬೈಂಡು ಮಾಡಿಸಿದ ಮನೆಗಳೂ ಉಂಟು. ಬೈಂಡು ಮಾಡುವವನು ಅಂಚು ಕತ್ತರಿಸುತ್ತಾನೆ, ಬೆನ್ನಿಗೆ ಹೊಲಿಗೆ ಹಾಕುತ್ತಾನೆ. ಅಮೆರಿಕದ ಲೆಕ್ಕದಲ್ಲಿ ಇದು ದೊಡ್ಡ ದೋಷ. ಆದರೆ ಬಿಡಿ ಸಂಚಿಕೆಗಳು ರದ್ದಿಗೆ ಹೋದಾಗ ಬೈಂಡು ಉಳಿದಿರುತ್ತದೆ.

ನಿಜವಾದ ಪ್ರಶ್ನೆ ಇರುವುದು ಇಲ್ಲಿಯೇ. ನೂರಾರು ಪ್ರತಿಗಳು ಉಳಿದ ಕಡೆ ಉತ್ತಮವಾದುದನ್ನು ಆರಿಸಲು ಅಂಕ ಬೇಕು. ಒಂದೆರಡು ಪ್ರತಿಗಳಷ್ಟೇ ಉಳಿದ ಕಡೆ, ಪುಟಗಳೆಲ್ಲ ಇವೆಯೇ ಎಂಬುದೇ ಮೊದಲ ಅಳತೆಯಾಗಬೇಕು. ‘ಗುಡ್’ ಕೂಡ ದಕ್ಕದ ಕನ್ನಡ ಸಂಚಿಕೆಯನ್ನು ಕಳಪೆಯೆಂದು ಎಸೆದರೆ, ಆ ಅನುವಾದದ ಭಾಷೆ, ಅಕ್ಷರ ಬರೆದವರ ಕೈಬರಹ ಎಲ್ಲವೂ ಅದರೊಡನೆ ಹೋಗುತ್ತವೆ.

ಸಂದೂಕ ತೆರೆದವರು ಮಾಡಬೇಕಾದ್ದು ಇಷ್ಟೆ: ಹರಿದದ್ದಕ್ಕೆ ಸೆಲ್ಲೋಟೇಪು ಅಂಟಿಸದಿರುವುದು, ಬಿಸಿಲು ತಾಗದ ಒಣ ಜಾಗದಲ್ಲಿ ಇಡುವುದು, ತೂಕಕ್ಕೆ ಹಾಕುವ ಮುನ್ನ ಒಮ್ಮೆ ಪುಟ ತಿರುವಿ ನೋಡುವುದು. ಮುಖಪುಟದ ಮೇಲೆ ಹೆಸರು ಬರೆದ ಹುಡುಗ ಅಂಕ ಕಳೆದಿರಬಹುದು. ಪುಸ್ತಕವನ್ನು ಉಳಿಸಿದವನೂ ಅವನೇ.