ಸಂಬಂಧಾಧಾರಿತ ಕರಾರು

ಸಂಬಂಧಾಧಾರಿತ ಕರಾರು ಎಂದರೆ ಲಿಖಿತ ಷರತ್ತುಗಳಿಗಿಂತ ಹೆಚ್ಚಾಗಿ ಪರಸ್ಪರ ವಿಶ್ವಾಸ, ಸಹಕಾರ ಮತ್ತು ದೀರ್ಘಕಾಲದ ಒಡನಾಟವನ್ನು ಅವಲಂಬಿಸಿದ ವ್ಯಾವಹಾರಿಕ ಒಪ್ಪಂದ. ಬಿಡಿಭಾಗಗಳ ಪೂರೈಕೆ, ಸಿದ್ಧ ಉಡುಪು, ನಿರ್ಮಾಣ ಮುಂತಾದ ಉದ್ಯಮಗಳಲ್ಲಿ ಇದನ್ನು ಕಾಣಬಹುದು. ಬೇಡಿಕೆ, ಬೆಲೆ ಮತ್ತು ವಿನ್ಯಾಸಗಳಲ್ಲಿ ಮುಂದೆ ಆಗುವ ಬದಲಾವಣೆಗಳನ್ನೆಲ್ಲ ಮೊದಲೇ ಬರೆದಿಡಲು ಸಾಧ್ಯವಿಲ್ಲದಿರುವುದು ಇದಕ್ಕೆ ಮುಖ್ಯ ಕಾರಣ.

ಹಿನ್ನೆಲೆ

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಾನೂನು ಪ್ರಾಧ್ಯಾಪಕ ಸ್ಟೂವರ್ಟ್ ಮೆಕಾಲೆಯವರು 1963ರಲ್ಲಿ ಪ್ರಕಟಿಸಿದ ಅಧ್ಯಯನವು ಈ ವಿಷಯದಲ್ಲಿ ಪ್ರಮುಖವಾದುದು. ಅವರು 43 ಕಂಪನಿಗಳು ಮತ್ತು 6 ವಕೀಲ ಸಂಸ್ಥೆಗಳ 68 ಮಂದಿ ಉದ್ಯಮಿಗಳು ಹಾಗೂ ವಕೀಲರನ್ನು ಸಂದರ್ಶಿಸಿದರು. ಉದ್ಯಮಿಗಳು ಅನೇಕ ವಿವಾದಗಳನ್ನು ಕರಾರುಪತ್ರವನ್ನು ಮುಂದಿಡದೆ ಮಾತುಕತೆಯಿಂದಲೇ ಬಗೆಹರಿಸಿಕೊಳ್ಳುತ್ತಾರೆ. ಷರತ್ತುಗಳನ್ನು ಎತ್ತಿ ಹೇಳುವುದನ್ನು ಅಪನಂಬಿಕೆಯ ಸೂಚನೆಯೆಂದು ಭಾವಿಸುತ್ತಾರೆ ಎಂದು ಅವರು ಕಂಡುಕೊಂಡರು. ಇಯಾನ್ ಮ್ಯಾಕ್‌ನೀಲ್ ಈ ಚಿಂತನೆಯನ್ನು ಸಿದ್ಧಾಂತದ ಮಟ್ಟಕ್ಕೆ ಬೆಳೆಸಿದರು.

ಬೇರ್ಡ್ ಪ್ರಕರಣ

ವಿಶ್ವಾಸವನ್ನಷ್ಟೇ ನಂಬಿದ ವ್ಯವಹಾರದ ಅಪಾಯವು ಇಂಗ್ಲೆಂಡಿನ ಬೇರ್ಡ್ ಪ್ರಕರಣದಲ್ಲಿ ಸ್ಪಷ್ಟವಾಯಿತು. ಬೇರ್ಡ್ ಟೆಕ್ಸ್‌ಟೈಲ್ ಸಂಸ್ಥೆಯು ಸುಮಾರು 30 ವರ್ಷಗಳ ಕಾಲ ಮಾರ್ಕ್ಸ್ ಅಂಡ್ ಸ್ಪೆನ್ಸರ್ ಮಳಿಗೆಗಳಿಗೆ ಉಡುಪುಗಳನ್ನು ಪೂರೈಸಿತ್ತು. ಇಡೀ ಸಂಬಂಧವನ್ನು ನಿಯಂತ್ರಿಸುವ ಲಿಖಿತ ಕರಾರು ಇರಲಿಲ್ಲ. 1999ರ ಅಕ್ಟೋಬರ್‌ನಲ್ಲಿ ಮಾರ್ಕ್ಸ್ ಅಂಡ್ ಸ್ಪೆನ್ಸರ್, ಆ ಉತ್ಪಾದನಾ ಋತುವಿನ ಕೊನೆಗೆ ವ್ಯವಹಾರವನ್ನು ನಿಲ್ಲಿಸುವುದಾಗಿ ತಿಳಿಸಿತು. ತನಗೆ ಮೂರು ವರ್ಷಗಳ ಮುನ್ಸೂಚನೆ ಸಲ್ಲಬೇಕಿತ್ತೆಂದು ಬೇರ್ಡ್ ವಾದಿಸಿತು. ಖರೀದಿಯ ಪ್ರಮಾಣ, ಬೆಲೆ ಮುಂತಾದವು ನಿಶ್ಚಿತವಾಗಿಲ್ಲದ ಕಾರಣ ಅಂತಹ ಕರಾರು ಇದ್ದಿತೆಂದು ಊಹಿಸಲಾಗದು ಎಂದು ಮೇಲ್ಮನವಿ ನ್ಯಾಯಾಲಯವು 2001ರಲ್ಲಿ ತೀರ್ಪು ನೀಡಿತು.

ಕರಾರಿನೊಳಗೆ ಸಹಕಾರ

ಸಹಕಾರವನ್ನೇ ಲಿಖಿತ ಷರತ್ತಾಗಿಸುವ ಪ್ರಯತ್ನಗಳೂ ನಡೆದಿವೆ. ಬ್ರಿಟನ್ನಿನ ನಿರ್ಮಾಣೋದ್ಯಮದಲ್ಲಿ ವಿವಾದಗಳು ಹೆಚ್ಚಿದ್ದ ಹಿನ್ನೆಲೆಯಲ್ಲಿ ಮೈಕೇಲ್ ಲೇಥಮ್ 1994ರಲ್ಲಿ ವರದಿ ಸಲ್ಲಿಸಿದರು. ಅದರ ಬಳಿಕ, 1995ರಲ್ಲಿ ಪರಿಷ್ಕೃತವಾದ ಎನ್‌ಇಸಿ ಮಾದರಿ ಕರಾರಿನಲ್ಲಿ ಪಕ್ಷಗಾರರು ಪರಸ್ಪರ ವಿಶ್ವಾಸ ಮತ್ತು ಸಹಕಾರದಿಂದ ವರ್ತಿಸಬೇಕೆಂಬ ನಿಯಮ ಸೇರಿತು. ಕೆಲವು ದೀರ್ಘಾವಧಿ ಕರಾರುಗಳಲ್ಲಿ ಸದ್ಭಾವನೆಯಿಂದ ನಡೆದುಕೊಳ್ಳುವ ಹೊಣೆಯು ಅಂತರ್ಗತವಾಗಿರಬಹುದೆಂದು ಇಂಗ್ಲೆಂಡಿನ ಹೈಕೋರ್ಟ್ 2013ರ ಯಾಮ್ ಸೆಂಗ್ ಪ್ರಕರಣದಲ್ಲಿ ಅಭಿಪ್ರಾಯಪಟ್ಟಿತು.

ಭಾರತದಲ್ಲಿ

ಭಾರತೀಯ ಕರಾರು ಅಧಿನಿಯಮ, 1872ರ 29ನೆಯ ಪ್ರಕರಣದಂತೆ, ಅರ್ಥವು ನಿಶ್ಚಿತವಲ್ಲದ ಮತ್ತು ನಿಶ್ಚಿತಗೊಳಿಸಲಾಗದ ಒಪ್ಪಂದಗಳು ಅಸಿಂಧು. ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಹಣ ಪಾವತಿಸುವ ವಿಷಯದಲ್ಲಿ ಮಾತ್ರ ಕಾನೂನು ಒಂದು ಮಿತಿಯನ್ನು ಹಾಕಿದೆ. 2006ರ ಎಂಎಸ್‌ಎಂಇ ಅಭಿವೃದ್ಧಿ ಅಧಿನಿಯಮದ ಪ್ರಕಾರ ಖರೀದಿದಾರರು ಒಪ್ಪಿದ ಪಾವತಿ ಅವಧಿಯು 45 ದಿನಗಳನ್ನು ಮೀರುವಂತಿಲ್ಲ. ವಿಳಂಬವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕು. ಆದರೆ ಒಬ್ಬನೇ ದೊಡ್ಡ ಖರೀದಿದಾರನನ್ನು ನೆಚ್ಚಿಕೊಂಡ ಸಣ್ಣ ಘಟಕಕ್ಕೆ, ಈ ಹಕ್ಕನ್ನು ಚಲಾಯಿಸುವುದೆಂದರೆ ಮುಂದಿನ ಆರ್ಡರನ್ನೇ ಪಣಕ್ಕಿಟ್ಟಂತೆ.